ಅವ್ವ ಕುಡಿಯದ ದ್ರಾಕ್ಷಾರಸ

ತಿಂಗಳ ಮೊದಲ ಭಾನುವಾರದ ಹಿಂದಿನ ದಿನ ಬೀದರಿನ ನಮ್ಮ ಮನೆಯ ಅಡುಗೆಮನೆ ಅವ್ವನ ವಶವಾಗಿಬಿಡುತ್ತಿತ್ತು. ಆ ಹೊತ್ತಿನಲ್ಲಿ ನಾನಾಗಲಿ ನನ್ನ ಗಂಡನಾಗಲಿ ಒಂದು ಕಪ್ ಚಹಾ ಮಾಡಿಕೊಳ್ಳಲೂ ಒಳಗೆ ಕಾಲಿಡುವಂತಿರಲಿಲ್ಲ. ಚೌಬಾರದ ಹತ್ತಿರದ ಅಂಗಡಿಯಿಂದ ಅವಳು ತಾನೇ ಹೋಗಿ ಕಪ್ಪು ಒಣದ್ರಾಕ್ಷಿ ತರುತ್ತಿದ್ದಳು. ನಮ್ಮ ಕಡೆ ಅದಕ್ಕೆ ಮನೂಕ ಅನ್ನುತ್ತಾರೆ. ಅಂಗಡಿಯ ಸಾಹೇಬರು ಅವಳನ್ನು ದೂರದಿಂದ ಕಂಡಕೂಡಲೇ, "ಅಮ್ಮಾ, ಗಿರ್ಜಾದ್ದು ಅಲಗ್ ತೆಗೆದಿಟ್ಟೀನಿ ನೋಡ್ರಿ" ಎಂದು ಒಳಗಿನ ಡಬ್ಬಿ ತೆಗೆಯುತ್ತಿದ್ದರು. ಚರ್ಚಿಗೆ ಹೋಗುವ ಮನೂಕದಲ್ಲಿ ಒಂದೂ ಹುಳುಕು ಇರಬಾರದು ಎಂಬುದರಲ್ಲಿ ಅವ್ವನಿಗಿಂತ ಅವರದೇ ಹೆಚ್ಚು ಕಟ್ಟುನಿಟ್ಟು.

ಮನೂಕವನ್ನು ಬಿಸಿನೀರಿನಲ್ಲಿ ತೊಳೆದು, ಬೀಜ ಬಿಡಿಸಿ, ನೆನೆಸಿ, ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ತೆಳ್ಳನೆಯ ಬಿಳಿ ಬಟ್ಟೆಯಲ್ಲಿ ಕಟ್ಟಿ ಅವ್ವ ಹಿಂಡುತ್ತಿದ್ದಳು. ಹೆಂಡ ಮುಟ್ಟದ ಸಭೆ ನಮ್ಮದು. ಆದ್ದರಿಂದ ಸ್ಟೀಲಿನ ಪಾತ್ರೆಗೆ ಇಳಿಯುವ ಆ ಕಡುಗೆಂಪು ರಸವೇ ಮರುದಿನ ಕರ್ತನ ಭೋಜನದ ದ್ರಾಕ್ಷಾರಸ. ಯೇಸು ಸ್ವಾಮಿ ತಾನು ಸಾಯುವ ಮುಂಚೆ ಶಿಷ್ಯರ ಜೊತೆ ಕೂತು ಉಂಡ ಕೊನೆಯ ಊಟದ ನೆನಪಿಗೆ ತಿಂಗಳಿಗೊಮ್ಮೆ ನಾವು ಒಂದು ಚೂರು ರೊಟ್ಟಿ ತಿನ್ನುತ್ತೇವೆ, ಒಂದು ಗುಟುಕು ರಸ ಕುಡಿಯುತ್ತೇವೆ. ಇಡೀ ಸಭೆಗೆ ಆ ಗುಟುಕನ್ನು ಮಾಡಿಕೊಡುತ್ತಿದ್ದವಳು ಅವ್ವ. ಮೊದಲು ಭಾಲ್ಕಿಯಲ್ಲಿ, ಅಪ್ಪ ತೀರಿಕೊಂಡು ಅವಳು ನನ್ನ ಜೊತೆ ಇರಲು ಬಂದ ಮೇಲೆ ಬೀದರಿನಲ್ಲಿ.

ಸಕ್ಕರೆ ಹಾಕಿದ ಮೇಲೆ ನನ್ನನ್ನು ಕರೆಯುತ್ತಿದ್ದಳು. ಚಮಚೆಯಲ್ಲಿ ರಸ ತೆಗೆದು ನನ್ನ ಬಾಯಿಗೆ ಹಿಡಿದು, "ನೋಡ, ಸೀ ಸಾಕೇನು?" ಅನ್ನುತ್ತಿದ್ದಳು. ನಾನು "ಸಾಕವ್ವ" ಅನ್ನುತ್ತಿದ್ದೆ. ಅಷ್ಟೇ. ತಾನು ಮಾತ್ರ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ. ಬೆರಳಿಗೆ ಅಂಟಿದ್ದನ್ನು ನೆಕ್ಕುತ್ತಲೂ ಇರಲಿಲ್ಲ, ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಡುತ್ತಿದ್ದಳು. ಮರುದಿನ ಚರ್ಚಿನಲ್ಲಿ ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರಿದಾಗ ಅವಳೊಬ್ಬಳು ಗೋಡೆ ಬದಿಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಿರುತ್ತಿದ್ದಳು.

ಚಿಕ್ಕವಳಿದ್ದಾಗ ನಾನು ಇದನ್ನು ಒಂದು ನಿಯಮವೆಂದೇ ತಿಳಿದಿದ್ದೆ. ಭಾಲ್ಕಿಯ ಸಂಡೇ ಸ್ಕೂಲಿನಲ್ಲಿ ಟೀಚರಮ್ಮ ಒಮ್ಮೆ, "ಕರ್ತನ ಭೋಜನ ಯಾರು ತಗೋಬಾರದು, ಹೇಳ್ರಿ ನೋಡೋಣು" ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿ ನಿಂತು, "ರಸಾ ಮಾಡ್ದಾಕಿ ಕುಡೀಬಾರ್ದ್ರಿ" ಎಂದು ಹೇಳಿಬಿಟ್ಟೆ. ಮದುವೆ ಮನೆಯಲ್ಲಿ ಅಡುಗೆಯವಳು ಎಲ್ಲರದೂ ಆದ ಮೇಲೆ ಉಣ್ಣುತ್ತಾಳಲ್ಲ, ಹಾಗೇ ಇದೂ ಎಂದು ನನ್ನ ಲೆಕ್ಕ. ಮಕ್ಕಳೆಲ್ಲ ನಕ್ಕರು. ಟೀಚರಮ್ಮ ನಗಲಿಲ್ಲ, ನನ್ನ ತಲೆ ಸವರಿ ಕೂರಿಸಿದರು. ಅವರಿಗೆ ವಿಷಯ ಗೊತ್ತಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಭೋಜನಕ್ಕೆ ಮೊದಲು ಸಭಾಪಾಲಕರು ಒಂದು ಎಚ್ಚರಿಕೆಯ ಮಾತು ಓದುತ್ತಾರೆ. ತನ್ನನ್ನು ತಾನು ಪರೀಕ್ಷಿಸಿಕೊಳ್ಳದೆ ಈ ರೊಟ್ಟಿ ತಿಂದವನು ತನ್ನ ತೀರ್ಪನ್ನೇ ತಿಂದಂತೆ ಎಂಬರ್ಥದ ಮಾತು. ಭಾಲ್ಕಿಯ ಕಡೆಯ ಹಳೆಯ ಸಭೆಗಳಲ್ಲಿ ಇದನ್ನು ಬಹಳ ಗಟ್ಟಿಯಾಗಿ ಹಿಡಿದಿದ್ದರು. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಮುಂದೆ ಹೋಗುವಂತಿಲ್ಲ, ಕೂತಲ್ಲೇ ಕೂತಿರಬೇಕು. ಹೀಗಾಗಿ ಶನಿವಾರ ಸಂಜೆ ಸಭೆಯ ಹಿರಿಯರು ಮನೆಮನೆ ಸುತ್ತಿ, ಮುನಿದವರನ್ನು ಎದುರುಬದುರು ಕೂರಿಸಿ, ಒಂದೇ ತಾಟಿನಲ್ಲಿ ರೊಟ್ಟಿ ಪಲ್ಯ ತಿನ್ನಿಸಿ ಬರುತ್ತಿದ್ದರು. ಆ ತಾಟಿನಿಂದ ತಿಂದರೆ ನಾಳೆ ಕರ್ತನ ಮೇಜಿಗೆ ಹೋಗಬಹುದು. ಈಗ ಬೀದರಿನಲ್ಲಿ ಅದೆಲ್ಲ ಇಲ್ಲ. ನಲ್ಲಿ ನೀರಿಗೆ ಹೊಡೆದಾಡಿಕೊಂಡವರು, ಕಮಿಟಿ ಚುನಾವಣೆಯಲ್ಲಿ ಒಬ್ಬರ ಮೇಲೊಬ್ಬರು ಚಾಡಿ ಹೇಳಿದವರು, ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಮೊಣಕಾಲೂರುತ್ತಾರೆ. ಅದನ್ನು ನೋಡಿ ನನಗೆ ಒಮ್ಮೊಮ್ಮೆ ನಗು ಬರುತ್ತದೆ, ಒಮ್ಮೊಮ್ಮೆ ಮೈ ಉರಿಯುತ್ತದೆ. ಅವ್ವ ಮಾತ್ರ ಹಳೆಯ ಕಾಲದವಳಾಗಿಯೇ ಉಳಿದಳು.

ನನಗೆ ಮೊದಲ ಸಲ ಭೋಜನ ಕೊಡುವ ವಾರ ಅವಳೇ ನನ್ನನ್ನು ಕೂರಿಸಿಕೊಂಡು ಕಾರಣ ಹೇಳಿದಳು.

ಅವ್ವನಿಗೆ ಇರುವುದು ಒಬ್ಬಳೇ ಅಕ್ಕ, ನನ್ನ ದೊಡ್ಡವ್ವ. ಔರಾದಿಗೆ ಕೊಟ್ಟಿದ್ದರು. ದೊಡ್ಡಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕುಡಿಯದಿದ್ದಾಗ ಊರಿಗೇ ಬೇಕಾದ ಮನುಷ್ಯ, ಕುಡಿದಾಗ ಮನೆಯವರಿಗೂ ಬೇಡವಾದವನು. ದೊಡ್ಡವ್ವನ ಎಡ ಹುಬ್ಬಿನ ಮೇಲೆ ಒಂದು ಗಾಯದ ಕಲೆ ಇದೆ. ಅದು ಹೇಗಾಯಿತೆಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವನು ಕಾಮಾಲೆಯಾಗಿ ಸತ್ತಾಗ ನಾನು ಅವ್ವನ ಸೆರಗು ಹಿಡಿದು ಓಡಾಡುವ ವಯಸ್ಸಿನವಳು. ಅವತ್ತಿನದು ನನಗೆ ನೆನಪಿರುವುದು ಅಂಗಳದ ತುಂಬ ಹೆಂಗಸರ ಕಾಲುಗಳು, ಅಷ್ಟೇ. ಉಳಿದದ್ದು ಅವ್ವ ಹೇಳಿದ್ದು. ಹೆಣದ ಪಕ್ಕ ಕೂತು ದೊಡ್ಡವ್ವ ಹಣೆ ಚಚ್ಚಿಕೊಂಡು ಅಳುತ್ತಿದ್ದಳಂತೆ. ಅವ್ವನಿಗೆ ಆ ಹುಬ್ಬಿನ ಮೇಲಿನ ಕಲೆ ಕಂಡಿತು. ಅಕ್ಕನ ಮೇಲಿನ ಪ್ರೀತಿ ಒಂದು ಕಡೆ, ಸತ್ತವನ ಮೇಲಿನ ಸಿಟ್ಟು ಒಂದು ಕಡೆ. ನಮ್ಮ ಮನೆತನದ ಹೆಂಗಸರಿಗೆ ಬಾಯಿ ಕಟ್ಟಿ ಗೊತ್ತಿಲ್ಲ. ಅಕ್ಕನ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು:

"ಅಳಬ್ಯಾಡ ಅಕ್ಕಾ. ದೇವರು ನ್ಯಾಯಾ ಮಾಡ್ಯಾನ."

ದೊಡ್ಡವ್ವ ಅಳು ನಿಲ್ಲಿಸಿದಳು. ಕೈ ಬಿಡಿಸಿಕೊಂಡು ಎದ್ದು ನಿಂತಳು. "ದೇವರ ಕುರ್ಚಿ ಮ್ಯಾಲ ನಿನಗ ಯಾರು ಕೂಡಂದ್ರು? ನಡಿ ಇಲ್ಲಿಂದ. ಇನ್ನ ನಿನ್ನ ಮಾರಿ ನ್ಯಾಯತೀರ್ಪಿನ ದಿನಾನೇ ನೋಡ್ತೇನಿ. ಅಲ್ಲೀತನಕ ಬ್ಯಾಡ" ಎಂದಳು. ಲೋಕ ಮುಗಿದು, ಸತ್ತವರನ್ನೂ ಬದುಕಿದವರನ್ನೂ ದೇವರು ಎದುರಿಗೆ ನಿಲ್ಲಿಸಿ ವಿಚಾರಿಸುವ ಕಡೆಯ ದಿನ ಅದು.

ಅವ್ವ ಮಣ್ಣಿಗೂ ನಿಲ್ಲದೆ, ನನ್ನನ್ನು ಬಗಲಲ್ಲಿ ಎತ್ತಿಕೊಂಡು ಭಾಲ್ಕಿಯ ಬಸ್ಸು ಹತ್ತಿದಳು.

ಆಮೇಲೆ ಕ್ಷಮೆ ಕೇಳಲು ಎಷ್ಟು ಸಲ ಹೋದಳು ಎಂಬುದಕ್ಕೆ ಲೆಕ್ಕವಿಲ್ಲ. ಬಾಗಿಲಲ್ಲಿ ನಿಂತು "ಅಕ್ಕಾ, ತಪ್ಪಾಯ್ತು" ಅಂದರೆ ದೊಡ್ಡವ್ವ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ, ಬಾಗಿಲು ಹಾಕುತ್ತಿರಲಿಲ್ಲ, ಮುಖ ಮಾತ್ರ ತೋರಿಸುತ್ತಿರಲಿಲ್ಲ. ನೆಂಟರ ಮದುವೆಗಳಲ್ಲಿ ಇಬ್ಬರೂ ಸಿಗುತ್ತಿದ್ದರು. ಅವ್ವ ತಾಟಿನಲ್ಲಿ ಹುಗ್ಗಿ ಹಾಕಿ ತುಪ್ಪ ಸುರಿದು, "ಹೋಗು, ದೊಡ್ಡವ್ವಗ ಕೊಡು" ಎಂದು ನನ್ನನ್ನು ಕಳಿಸುತ್ತಿದ್ದಳು. ದೊಡ್ಡವ್ವ ತಿನ್ನುತ್ತಿದ್ದಳು. ಯಾರು ಕಳಿಸಿದ್ದು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ತಿಂದು ತಾಟು ತೊಳೆದು ನನ್ನ ಕೈಗೆ ಕೊಟ್ಟು ಗಲ್ಲ ಹಿಂಡಿ ಕಳಿಸುತ್ತಿದ್ದಳು. ಆ ತೊಳೆದ ತಾಟನ್ನು ಅವ್ವ ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದಳು.

ನಲವತ್ತು ವರ್ಷಗಳ ಮೇಲಾಯಿತು. ಕಳೆದ ಚಳಿಗಾಲದಲ್ಲಿ ಅವ್ವನ ಪಾದಗಳಲ್ಲಿ ನೀರು ತುಂಬಿಕೊಂಡಿತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಹೃದಯ ದೊಡ್ಡದಾಗಿದೆ ಎಂದರು ಡಾಕ್ಟರು. ಅವ್ವ ಅದನ್ನು ಹೊಗಳಿಕೆಯೆಂದು ತಿಳಿದು ನಾಚಿಕೊಂಡಳು. ಹೊರಗೆ ಬಂದು ಡಾಕ್ಟರು ನನಗೆ ಬೇರೆಯೇ ಮಾತು ಹೇಳಿದರು: ಔಷಧಿ ಎಷ್ಟು ದಿನ ಎಳೆಯುತ್ತದೋ ಅಷ್ಟು ದಿನ, ಅವರಿಗೆ ಏನಾದರೂ ಆಸೆಯಿದ್ದರೆ ತೀರಿಸಿ.

ಅವಳ ಆಸೆ ಏನೆಂದು ನನಗೆ ಗೊತ್ತಿರಲಿಲ್ಲವೇ. ಆದರೂ ಸುಲಭದ ದಾರಿ ಹಿಡಿದು ಸಭಾಪಾಲಕರನ್ನು ಮನೆಗೆ ಕರೆದೆ. ಬಗದಲ್ ಕಡೆಯ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಆದರೆ ಮಾತಿನಲ್ಲಿ ತಾಳ್ಮೆಯಿದೆ. ಹಾಸಿಗೆ ಹಿಡಿದವರಿಗೆ ಮನೆಗೇ ಭೋಜನ ತಂದುಕೊಡುವ ಪದ್ಧತಿ ಇದೆ. ಅವರು ರೊಟ್ಟಿಯನ್ನೂ ಪುಟ್ಟ ಲೋಟವನ್ನೂ ಸ್ಟೂಲಿನ ಮೇಲೆ ಜೋಡಿಸಿದರು. ಅವ್ವ ತಲೆಯಾಡಿಸಿ ಬೇಡವೆಂದಳು.

"ಅಮ್ಮಾ, ಅಂಜಬ್ಯಾಡ್ರಿ" ಎಂದರು ಸಭಾಪಾಲಕರು. "ಆ ದಿನ ನ್ಯಾಯದ ಪೀಠದ ಮ್ಯಾಲ ಕೂಡಾವ್ರು ಯಾರ್ರಿ? ನಮ್ಮ ಸಲುವಾಗಿ ಶಿಲುಬಿಗಿ ಏರಿದಾವ್ರೇ ಅಲ್ಲೇನ್ರಿ? ಜಡ್ಜ್ ಸಾಹೇಬ್ರು ಭೀ ಅವ್ರೇ, ನಮ್ಮ ಕಡಿ ವಕೀಲ್ರು ಭೀ ಅವ್ರೇ. ಮತ್ತ ಅಂಜಿಕಿ ಯಾಕ?"

"ಅವ್ರದು ನನಗ ಅಂಜಿಕಿ ಇಲ್ರಿ ಪಾಸ್ಟರ್ ಸಾಹೇಬ್ರ" ಎಂದಳು ಅವ್ವ. "ಅವ್ರು ಮಾಫ್ ಮಾಡ್ಯಾರ, ನನಗ ಗೊತ್ತದ. ಆದ್ರ ನಾ ತೀರ್ಪ ಹೇಳಿದ್ದು ನಮ್ಮ ಅಕ್ಕನ ಗಂಡಗ. ಉರಿ ಹತ್ತಿದ್ದು ನಮ್ಮ ಅಕ್ಕಗ."

"ನೀವು ಮಾಫಿ ಕೇಳ್ಕೊಂಡೀರಲ್ರಿ. ಅವ್ರು ಮಾಡ್ಲಿಲ್ಲಂದ್ರ ತಪ್ಪು ನಿಮ್ದಲ್ಲ."

"ತಪ್ಪ ಯಾರ್ದಂತ ನಾ ಎಲ್ಲಿ ಕೇಳ್ಲಾಕತ್ತೀನ್ರಿ? ಅಕಿನ್ನ ಬಿಟ್ಟು ಹ್ಯಾಂಗ ಉಣ್ಲಿ ಅಂತ ಕೇಳ್ಲಾಕತ್ತೀನಿ."

ಸಭಾಪಾಲಕರು ಲೋಟವನ್ನು ಸ್ಟೂಲಿನ ಮೇಲೆ ಹಿಂದಕ್ಕೆ ಸರಿಸಿದರು. ಅವ್ವನಿಗೆ ಅವರ ಮೇಲೆ ಕನಿಕರ ಬಂದಿರಬೇಕು, ಸಮಾಧಾನ ಮಾಡುವ ದನಿಯಲ್ಲಿ ಮುಂದುವರಿಸಿದಳು. "ನನ್ನ ಸಲುವಾಗಿ ಚಿಂತಿ ಮಾಡಬ್ಯಾಡ್ರಿ. ಎಲ್ಲಾರೂ ಆ ದಿನಕ್ಕ ಅಂಜತಾರ. ನಾ ದಾರಿ ಕಾಯ್ತೇನ್ರಿ. ಅವತ್ತ ನನ್ನ ಮಾರಿ ನೋಡ್ತೇನಂತ ಅಕ್ಕ ಹೇಳ್ಯಾಳ. ಅಕಿ ಮಾತ ತಪ್ಪಾಕಿ ಅಲ್ಲ."

ನಾನು ಬಾಗಿಲಲ್ಲಿ ನಿಂತಿದ್ದೆ. ನ್ಯಾಯತೀರ್ಪು ಎಂದರೆ ಚಿಕ್ಕಂದಿನಿಂದ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಬೆಂಕಿ, ತಕ್ಕಡಿ, ಬಲಕ್ಕೆ ಕುರಿಗಳಂತೆ ಒಳ್ಳೆಯವರು, ಎಡಕ್ಕೆ ಆಡುಗಳಂತೆ ಕೆಟ್ಟವರು. ದೊಡ್ಡವಳಾಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಸೇರಿದ ಮೇಲೆ ಅದೇ ಚಿತ್ರ ಸ್ವಲ್ಪ ಬದಲಾಗಿ ಪರೀಕ್ಷೆಯ ಪೇಪರ್ ತಿದ್ದುವ ಕೊಠಡಿಯಾಯಿತು. ಅಲ್ಲಿ ಮಗುವಿನ ಹೆಸರಿಲ್ಲ, ಮುಖವಿಲ್ಲ, ಬರೀ ನಂಬರು. ತಪ್ಪಿದ್ದಲ್ಲಿ ಕೆಂಪು ಗೀಟು. ನನ್ನದೇ ತರಗತಿಯ ಮಕ್ಕಳ ಪೇಪರ್ ತಿದ್ದುವಾಗ ಹಾಗಲ್ಲ. ಅಕ್ಷರ ನೋಡಿದರೆ ಸಾಕು, ಯಾರ ಅಕ್ಷರ, ಆ ಮಗು ಯಾವ ಮನೆಯಿಂದ ಹೇಗೆ ಬಂದಿದೆ ಎಂದು ಗೊತ್ತಿರುತ್ತದೆ. ಆಗಲೂ ತಪ್ಪನ್ನು ತಪ್ಪೆಂದೇ ಗುರುತಿಸುತ್ತೇನೆ, ಆದರೆ ಕೈ ಬೇರೆ ಥರ ಓಡುತ್ತದೆ. ಅವ್ವನ ದೇವರು ಈ ಎರಡನೆಯ ಥರದವನು ಎಂದು ನನಗೆ ಅವತ್ತು ಅನ್ನಿಸಿತು. ಅವಳಿಗೆ ಆ ದಿನವೆಂದರೆ ತಕ್ಕಡಿಯಲ್ಲ. ಅಕ್ಕನ ಮುಖ.

ಇದೆಲ್ಲ ಸರಿಯೇ. ಆದರೆ ಸಭಾಪಾಲಕರು ಹೋದ ಮೇಲೆ ನನಗೆ ಎಲ್ಲಿಲ್ಲದ ಕೋಪ ಬಂತು. "ಔರಾದ್ ಏನ್ ಲೋಕದ ಆ ಕಡಿ ಅದ ಏನವ್ವ? ಸಂತಪುರ ದಾಟಿದ್ರ ಬಂತು. ಅಲ್ಲಿರೋ ಅಕ್ಕನ ಮಾರಿ ನೋಡ್ಲಾಕ ಲೋಕಾ ಮುಗಿಯೋತನಕ ಕಾಯಬೇಕೇನು?" ಎಂದು ಕೂಗಾಡಿದೆ. ಅವ್ವ ಕಣ್ಣು ಮುಚ್ಚಿ ಮಲಗಿದವಳಂತೆ ನಟಿಸಿದಳು. ಅವಳಿಗೆ ಮಾತು ಬೇಡವಾದಾಗ ಹೀಗೇ ಮಾಡುತ್ತಾಳೆ.

ಮುಂದಿನ ರಜೆಯ ದಿನ ಅವ್ವನಿಗೆ ಹೇಳದೆ ಔರಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೊಗರಿ ಕಾಯಿಗಟ್ಟಿ ನಿಂತಿತ್ತು. ಡ್ರೈವರು ಮರಾಠಿ ಹಾಡು ಹಾಕಿದ್ದ. ನಾನು ಕಿಟಕಿಗೆ ತಲೆಯಾನಿಸಿ ದೊಡ್ಡವ್ವನಿಗೆ ಏನೇನು ಬೈಯಬೇಕೆಂದು ಸಾಲುಸಾಲಾಗಿ ಜೋಡಿಸಿಕೊಂಡೆ.

ದೊಡ್ಡವ್ವ ಅಂಗಳದಲ್ಲಿ ಮೊರ ಹಿಡಿದು ಉದ್ದು ಹಸನು ಮಾಡುತ್ತಿದ್ದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ನನ್ನನ್ನು ಕಂಡು ಮುಖವೆಲ್ಲ ಅರಳಿಸಿ, "ಬಾ ನನ್ನವ್ವಾ, ಬಾ, ಎಷ್ಟ್ ಸೊರಗೀ" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಜೋಡಿಸಿಟ್ಟ ಬೈಗುಳವೆಲ್ಲ ಎಲ್ಲಿ ಹೋಯಿತೋ. ಅವಳ ಹುಬ್ಬಿನ ಮೇಲಿನ ಕಲೆ ಈಗ ಸುಕ್ಕುಗಳ ನಡುವೆ ಹುಡುಕಿದರೆ ಮಾತ್ರ ಕಾಣುವಂತಿತ್ತು.

"ಅವ್ವಗ ಆರಾಮಿಲ್ಲ ದೊಡ್ಡವ್ವ. ಡಾಕ್ಟರ್ ಕೈ ಬಿಟ್ಟಾರ" ಎಂದೆ.

ಮೊರದ ಮೇಲೆ ಅವಳ ಕೈ ನಿಂತಿತು. ಬೇರೆಯದೇ ಒಂದು ಮಾತು ಕೇಳಿದಳು. "ಇನ್ನಾ ಮನೂಕ ಹಿಂಡತಾಳೇನು?"

"ಮೊನ್ನಿತನಕ ಹಿಂಡಿದ್ಲು."

"ನಾವು ಸಣ್ಣೋರಿದ್ದಾಗ ನಮ್ಮವ್ವ ಇಬ್ಬರ ಕೈಲೇ ಮಾಡಸ್ತಿದ್ಲು" ಎಂದಳು ದೊಡ್ಡವ್ವ. "ನನ್ನ ಕೈ ಗಟ್ಟಿ, ಅದಕ ಹಿಂಡೋದು ನಂದು. ಸೀ ನೋಡೋದು ಅಕೀದು. ಅಕಿ ನಾಲಿಗಿ ಬರೋಬ್ಬರ್ ಇತ್ತು. ನೋಡ್ತೇನಿ ನೋಡ್ತೇನಿ ಅನಕೋತ ಅರ್ಧ ಲೋಟ ಕುಡದೇ ಬಿಡ್ತಿದ್ಲು, ಕಳ್ಳಿ."

"ಈಗ ಅಕಿ ನೋಡಲ್ಲ ದೊಡ್ಡವ್ವ. ನಾ ನೋಡ್ತೇನಿ."

"ಯಾಕ?"

"ಅಕಿ ಭೋಜನಾನೇ ತಗೊಳ್ಳಲ್ಲ. ದೊಡ್ಡಪ್ಪನ ಮಣ್ಣ ಆದಾಗಿಂದ ಒಂದ್ ಸಲ ಭೀ ತಗೊಂಡಿಲ್ಲ. ಎಲ್ಲಾರಿಗೂ ಮಾಡಿಕೊಟ್ಟು ತಾ ಬೆಂಚ್ ಮ್ಯಾಲ ಕೂಡ್ತಾಳ. ನೀ ಮಾತಾಡೋತನಕ ತನಗ ಉಣ್ಲಾಕ ಹಕ್ಕಿಲ್ಲಂತ."

ದೊಡ್ಡವ್ವ ಮೊರವನ್ನು ನೆಲಕ್ಕಿಟ್ಟಳು. ಉದ್ದು ಒಂದು ಕಡೆಗೆ ವಾಲಿ ಚೆಲ್ಲಿತು, ಅವಳು ನೋಡಲಿಲ್ಲ. "ನೀ ಏನ್ ಹೇಳ್ಲಾಕತ್ತಿ" ಎಂದಳು. "ನಾ ತಿಂಗಳ ತಿಂಗಳಾ ತಗೊಂಡೀನಿ. ಅಕಿ ಮ್ಯಾಲಿನ ಸಿಟ್ಟು ಹೊಟ್ಟ್ಯಾಗ ಇಟ್ಕೊಂಡೇ ಹೋಗಿ ಕೈ ಒಡ್ಡೀನಿ. ತಪ್ಪ ಅಕೀದು, ನಂದೇನದ ಅಂತ. ಅಕಿ ಅಲ್ಲಿ ಕುಂತಾಳ. ನಾ ಇಲ್ಲಿ ತಿಂದೀನಿ."

ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದ ಮಾತನ್ನು ಅವಳು ಬಹುಶಃ ಯಾರಿಗೂ ಹೇಳಿರಲಿಲ್ಲ.

"ಅವ್ರ ಉಸಿರ ನಿಂತಾಗ ನನ್ನ ಮನಸಿನ್ಯಾಗ ಮೊದಲ ಬಂದಿದ್ದು ಅದೇ ಮಾತು. ಮುಗೀತು, ದೇವರು ನನ್ನ ಕಡಿ ನೋಡ್ದ ಅಂತ. ಅದರ ಹಿಂದೇ ಅಳು ಬಂತು. ಎರಡೂ ಖರೇನೇ ಇತ್ತು ಮಗಳ. ಗಂಡನ ಹೆಣದ ಮುಂದ ಕುಂತು ಹೆಂಡತಿಗಿ ಹಂಗ ಅನಸಬಹುದೇನು? ನಾ ಒಳಗ ಮುಚ್ಚಿಡ್ಲಾಕತ್ತಿದ್ನಿ. ಅಕಿ ನಾಕ ಮಂದ್ಯಾಗ ಅದನ್ನೇ ತೆಗದು ಇಟ್ಲು. ನನಗ ನನ್ನ ಮಾರಿನೇ ತೋರ್ಸಿದಂಗ ಆಯ್ತು. ಅದಕ ಅಕಿ ಮಾರಿ ಬ್ಯಾಡಂದಿನಿ."

ನಾನು ಅವಳ ಕೈ ಹಿಡಿದುಕೊಂಡೆ. ನನ್ನ ಜೊತೆ ಈಗಲೇ ಹೊರಡು ಎಂದು ಬೇಡಿಕೊಂಡೆ. ದೊಡ್ಡವ್ವ ಕೈ ಬಿಡಿಸಿಕೊಂಡು ಚೆಲ್ಲಿದ ಉದ್ದನ್ನು ಬಳಿಯತೊಡಗಿದಳು. "ಯಾವ ಮಾರಿ ತಗೊಂಡು ಬರ್ಲಿ? ನೀ ನಡಿ, ಬಸ್ ತಪ್ಪತದ" ಎಂದಳು. ಚಹಾ ಕುಡಿಸಿ ಕಳಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಏನೂ ಕೇಳದೆ ತನ್ನ ನೀರಿನ ಬಾಟಲಿ ಕೊಟ್ಟಳು.

ಆ ತಿಂಗಳು ಮುಗಿದು ಮತ್ತೆ ಶನಿವಾರ ಬಂತು. ಅವ್ವನಿಗೆ ಒಲೆಯ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ. ಮಂಚದ ಮೇಲಿಂದಲೇ ನನಗೆ ಹುಕುಂ ಮಾಡುತ್ತಿದ್ದಳು: ಉರಿ ಸಣ್ಣದು ಮಾಡು, ಬೀಜ ಪೂರಾ ತೆಗೆದೆಯೇನು, ಆ ಪಾತ್ರೆಯಲ್ಲ ಈ ಪಾತ್ರೆ. ಕುದಿಸಿ ಆರಿಸಿದ ಮನೂಕವನ್ನು ಬಟ್ಟೆಯಲ್ಲಿ ಕಟ್ಟಿ ನಾನು ಹಿಂಡಲು ಒದ್ದಾಡುತ್ತಿದ್ದೆ. ರಸ ಪಾತ್ರೆಗೆ ಬೀಳುವುದಕ್ಕಿಂತ ನನ್ನ ಮೊಣಕೈಯಲ್ಲಿ ಇಳಿಯುತ್ತಿದ್ದುದೇ ಹೆಚ್ಚು. ಆಗ ಗೇಟಿನ ಸದ್ದಾಯಿತು.

ಹೊರಗೆ ಬಂದು ನೋಡಿದರೆ ಆಟೋದಿಂದ ದೊಡ್ಡವ್ವ ಇಳಿಯುತ್ತಿದ್ದಾಳೆ. ಒಬ್ಬಳೇ. ಮನೆ ಗೊತ್ತಿಲ್ಲದವಳು ಬಸ್‌ಸ್ಟ್ಯಾಂಡಿನಿಂದ ಚರ್ಚಿಗೆ ಹೋಗಿ, ಅಲ್ಲಿ "ದ್ರಾಕ್ಷಾರಸ ಮಾಡೋ ಅಮ್ಮನ ಮನಿ ಯಾವುದ್ರಿ" ಎಂದು ಕೇಳಿಕೊಂಡು ಬಂದಿದ್ದಳು. ನನ್ನ ಬಾಯಿಂದ ಮಾತು ಹೊರಡುವ ಮೊದಲೇ, "ಅಡಗಿಮನಿ ಎಲ್ಲದ?" ಎಂದಳು.

ಕೈಕಾಲು ತೊಳೆದುಕೊಂಡು ಬಂದು ನನ್ನ ಕೈಯಿಂದ ಬಟ್ಟೆಯ ಗಂಟು ಕಸಿದುಕೊಂಡಳು. "ಹಿಂಗ ಹಿಂಡಿದ್ರ ಎಲ್ಲಾ ಬಟ್ಟ್ಯಾಗೇ ಉಳೀತದ. ಸರಿ ಆ ಕಡಿ" ಎಂದು ಗಂಟನ್ನು ಬಿಗಿಯಾಗಿ ತಿರುಚಿ ಎರಡೂ ಕೈಯಲ್ಲಿ ಅದುಮಿದಳು. ಆ ವಯಸ್ಸಿನಲ್ಲೂ ರಸ ಧಾರೆಯಾಗಿ ಇಳಿಯಿತು.

"ಯಾರು ಬಂದ್ರ?" ಎಂದು ಒಳಗಿನಿಂದ ಅವ್ವನ ದನಿ.

ದೊಡ್ಡವ್ವ ನನ್ನ ಕಡೆ ನೋಡಿ ಬಾಯಿಗೆ ಬೆರಳಿಟ್ಟಳು. ಪ್ರತಿ ಸಲದ ಅಳತೆಯಲ್ಲಿ ನಾನು ತೆಗೆದಿಟ್ಟಿದ್ದ ಸಕ್ಕರೆ ಹಾಕಿ ಕದಡಿದಳು. ಒಂದು ಬಟ್ಟಲಿಗೆ ಸ್ವಲ್ಪ ರಸ ಬಗ್ಗಿಸಿಕೊಂಡು, ಚಮಚೆ ಹಿಡಿದು, ಅವ್ವನ ಕೋಣೆಯ ಕಡೆ ನಡೆದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಎಷ್ಟೋ ವರ್ಷ ಅವ್ವ ಔರಾದಿನಲ್ಲಿ ಹಾಗೇ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತು, ಚಮಚೆಯನ್ನು ಅವ್ವನ ಮುಖದ ಹತ್ತಿರ ಹಿಡಿದು ಹೇಳಿದಳು:

"ನೋಡ, ಸೀ ಸಾಕೇನು?"

ಅವ್ವ ಅವಳನ್ನು ನೋಡಿದಳು. ಹಣೆ, ಹುಬ್ಬು, ಹುಬ್ಬಿನ ಕಲೆ, ಬೆಳ್ಳಗಾದ ಕೂದಲು, ಒಂದೊಂದನ್ನೂ ಬಿಡದೆ ನೋಡಿದಳು. ದೊಡ್ಡವ್ವ ಈ ಸಲ ಮುಖ ತಿರುಗಿಸಲಿಲ್ಲ.

"ಇವತ್ತೇ ಏನ ಅಕ್ಕಾ ಆ ದಿನ?" ಎಂದಳು ಅವ್ವ.

"ಹೂಂ. ಇವತ್ತೇ. ಬಾಯಿ ತೆಗಿ."

"ನಾ ಅವತ್ತ..."

"ನೀ ಅಂದದ್ದು ನಾ ಅಂದಕೊಂಡಿದ್ನಿ. ನಿನಗಿಂತ ಮೊದಲ ಅಂದಕೊಂಡಿದ್ನಿ. ತಪ್ಪ ನಿನ್ನ ಮ್ಯಾಲ ಹಾಕಿ ಇಷ್ಟ್ ವರ್ಷ ನಿನ್ನ ಬೆಂಚ್ ಮ್ಯಾಲ ಕೂಡ್ಸೀನಿ. ನನಗ ಮಾಫ್ ಮಾಡ ಸಣ್ಣಾಕಿ. ಬಾಯಿ ತೆಗಿ."

ಅವ್ವ ಬಾಯಿ ತೆರೆದಳು. ರಸ ನುಂಗಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದಳು. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಆಮೇಲೆ ಕಣ್ಣು ತೆರೆದು ನನ್ನನ್ನು ದುರುಗುಟ್ಟಿ ನೋಡಿದಳು.

"ಸಕ್ಕರಿ ಕಮ್ಮಿ ಅದ. ಇಷ್ಟ್ ವರ್ಷ ನೀ ಸಾಕಂತ ಹೇಳಿದ್ದು ಇದಕ್ಕೇನು?"

ನನಗೆ ಮೊದಲಿನಿಂದಲೂ ಸಿಹಿ ಸೇರುವುದಿಲ್ಲ. ಚಹಾಕ್ಕೂ ಸಕ್ಕರೆ ಬೇಡ. ನನ್ನ ನಾಲಿಗೆ ನಂಬಿಕೊಂಡು ಎರಡು ಊರಿನ ಸಭೆಗಳು ಇಷ್ಟು ಕಾಲ ಹುಳಿಹುಳಿ ರಸ ಕುಡಿದಿದ್ದವು. ಅವ್ವನ ಮೇಲಿನ ಗೌರವಕ್ಕೆ ಯಾರೂ ತುಟಿ ಬಿಚ್ಚಿರಲಿಲ್ಲ. ದೊಡ್ಡವ್ವ ಸೆರಗು ಬಾಯಿಗೊತ್ತಿ ನಗತೊಡಗಿದಳು. ಅವ್ವ ಉಬ್ಬಸದ ನಡುವೆಯೇ ನಕ್ಕಳು, ನಗುತ್ತ ಅಳುತ್ತ ಅಕ್ಕನ ತೊಡೆಯ ಮೇಲೆ ತಲೆಯಿಟ್ಟಳು. ಮಧ್ಯಾಹ್ನ ಇಬ್ಬರೂ ಒಂದೇ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ತಿಂದರು. ನಾನು ಬಡಿಸಿದೆ. ಯಾರೂ ನನ್ನನ್ನು ಜೊತೆಗೆ ಕರೆಯಲಿಲ್ಲ, ಅವರಿಗೆ ನಾನಿದ್ದದ್ದೇ ನೆನಪಿರಲಿಲ್ಲ.

ಭಾನುವಾರ ಆಟೋದಲ್ಲಿ ಮೂವರೂ ಚರ್ಚಿಗೆ ಹೋದೆವು. ಅವ್ವ ತನ್ನ ಗೋಡೆ ಬದಿಯ ಬೆಂಚಿನಲ್ಲೇ ಕೂತಳು, ಪಕ್ಕದಲ್ಲಿ ದೊಡ್ಡವ್ವ, ಆ ಬದಿ ನಾನು. ಸಭಾಪಾಲಕರು ಎಚ್ಚರಿಕೆಯ ಮಾತು ಓದಿದರು. ದೊಡ್ಡವ್ವ ಅವ್ವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಇಡೀ ಸಭೆ ಕತ್ತು ತಿರುಗಿಸಿತು. ನಾನೂ ಅವರ ಹಿಂದೆ ಏಳಬೇಕು.

ಏಳಲಾಗಲಿಲ್ಲ.

ನನ್ನ ಕಣ್ಣು ಅವ್ವನ ಊದಿದ ಪಾದಗಳ ಮೇಲಿತ್ತು, ಮನಸ್ಸು ಆ ಪಾದಗಳಲ್ಲೇ ಅವಳು ಎಷ್ಟೋ ಸಲ ಔರಾದಿಗೆ ತಿರುಗಿದ್ದರ ಮೇಲಿತ್ತು. ಒಂದು ಚಮಚೆ ರಸದಲ್ಲಿ ಎಲ್ಲ ಮುಗಿಯಿತೇ? ಇಷ್ಟು ವರ್ಷ ಗೋಡೆಗೆ ಮುಖ ಮಾಡಿ ಕೂತವಳು ಒಂದು ಬೆಳಿಗ್ಗೆ ಬಂದು ಬಾಯಿ ತೆಗಿ ಅಂದರೆ ಆಯಿತೇ? ಅವ್ವ ಕ್ಷಮಿಸಿರಬಹುದು. ನಾನು ಕ್ಷಮಿಸಿರಲಿಲ್ಲ. ಆ ಬೆಂಚಿನ ಮೇಲೆ ನನಗೆ ಅದು ಸ್ಪಷ್ಟವಾಗಿ ಗೊತ್ತಾಯಿತು. ದೊಡ್ಡವ್ವನ ಬೆನ್ನು ನೋಡುತ್ತ, ಇವಳಿಗೆ ದೇವರು ಏನು ಮಾಡಬೇಕು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಡುತ್ತಿದ್ದೆ. ಅವ್ವ ಒಮ್ಮೆ ಗಳಿಗೆ ಹೊತ್ತು ಕೂತು ಇಳಿದ ದೇವರ ಕುರ್ಚಿಯ ಮೇಲೆ ಈಗ ನಾನು ಆರಾಮಾಗಿ ಕೂತಿದ್ದೆ.

ಮುಂದೆ ಹೋಗುತ್ತಿದ್ದ ಅವ್ವ ನಿಂತಳು. ಅವಳಿಗೆ ಹೇಗೆ ತಿಳಿಯಿತೋ, ಆ ಬೆಂಚಿನ ಮೇಲೆ ಅಷ್ಟು ಕಾಲ ಕೂತವಳಲ್ಲವೇ. ಅಕ್ಕನ ತೋಳು ಹಿಡಿದೇ ತಿರುಗಿದಳು, ಮೇಲುಸಿರು ಬಿಡುತ್ತ ಎರಡು ಹೆಜ್ಜೆ ಹಿಂದಕ್ಕೆ ಬಂದಳು. ನನ್ನನ್ನು ಬೈಯಲಿಲ್ಲ. ಚಿಕ್ಕಂದಿನಲ್ಲಿ ಮುನಿಸಿಕೊಂಡು ಮೂಲೆ ಸೇರಿದಾಗ ಕರೆಯುತ್ತಿದ್ದಳಲ್ಲ, ಅದೇ ದನಿಯಲ್ಲಿ ಕೈ ಚಾಚಿದಳು.

"ನ್ಯಾಯಾ ಮಾಡೋದು ಸಾಕು ಮಗಳ. ಊಟಕ್ಕ ಏಳು."

ಎದ್ದೆ. ದೊಡ್ಡವ್ವ ತನ್ನ ಇನ್ನೊಂದು ತೋಳನ್ನು ನನಗೆ ಕೊಟ್ಟಳು.